ಸಿಟ್ಟು ಬಂದಾಗ ಏನು ಮಾಡಬೇಕು ಅಂತ ಶಾಲೆ ಕಲಿಸಬಹುದೇ?

ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ವಾಪಸ್ ಬಂದಿವೆ. ಒಂಬತ್ತು ವರ್ಷದ ಒಂದು ಮಗುವಿಗೆ 20ಕ್ಕೆ 6. ಅದು ಹಾಳೆಯನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕುತ್ತದೆ. ಪಕ್ಕದ ಮಗುವಿಗೂ ಅಷ್ಟೇ ಅಂಕ. ಅದು ಮುಂದಿನ ಬೆಂಚಿನವನನ್ನು ಸುಮ್‌ಸುಮ್ನೆ ತಳ್ಳಿ ಜಗಳ ತೆಗೆಯುತ್ತದೆ. ಮೂರನೆಯ ಮಗು ಸ್ವಲ್ಪ ಹೊತ್ತು ಸಪ್ಪಗೆ ಕೂರುತ್ತದೆ. ಆಮೇಲೆ ಎದ್ದು ಹೋಗಿ, "ಟೀಚರ್, ಈ ನಾಲ್ಕನೇ ಲೆಕ್ಕದಲ್ಲಿ ಎಲ್ಲಿ ತಪ್ಪಾಯ್ತು?" ಅಂತ ಕೇಳುತ್ತದೆ. ಇವತ್ತಿಗೆ ಮೂವರಿಗೂ ಬರುವ ಲೆಕ್ಕ ಒಂದೇ. ಮುಂದಿನ ತಿಂಗಳ ಹೊತ್ತಿಗೆ ಹಾಗಿರುವುದಿಲ್ಲ.

ಮೂರನೆಯದು ಹುಟ್ಟಿನಿಂದಲೇ ಒಳ್ಳೆಯ ಮಗು, ಉಳಿದ ಎರಡು ಹಠಮಾರಿಗಳು ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಆ ಮಗು ಏನೇನು ಮಾಡಿತು ಅಂತ ಸ್ವಲ್ಪ ಬಿಡಿಸಿ ನೋಡಿ. ತನಗೆ ಬೇಜಾರಾಗಿದೆ ಅಂತ ಅದಕ್ಕೆ ಗೊತ್ತಾಯಿತು. ಆ ಬೇಜಾರು ತಾನಾಗಿ ಇಳಿಯುವವರೆಗೆ ಕೂತಿತು. ಆಮೇಲೆ ಸಂಕೋಚ ಪಡದೆ ಸಹಾಯ ಕೇಳಿತು. ಇವು ಮೂರೂ ಕೆಲಸಗಳು. ಮಕ್ಕಳ ಸ್ವಭಾವದಲ್ಲಿ ಹುಟ್ಟಿನಿಂದಲೇ ವ್ಯತ್ಯಾಸ ಇರುತ್ತದೆ, ನಿಜ. ಕೆಲವರಿಗೆ ಇದು ಬೇಗ ಬರುತ್ತದೆ, ಕೆಲವರಿಗೆ ನಿಧಾನ. ಆದರೂ ಇದು ಕಲಿತರೆ ಬರುವಂಥದ್ದು. ಶಾಲೆಯಲ್ಲಿ ಸಾಮಾಜಿಕ ಮತ್ತು ಭಾವನಾತ್ಮಕ ಕೌಶಲಗಳನ್ನು ಕಲಿಸಬೇಕು ಅನ್ನುವ ವಾದ ನಿಂತಿರುವುದು ಈ ನಂಬಿಕೆಯ ಮೇಲೆ.

ಈ ಕೌಶಲಗಳಲ್ಲಿ ಏನೇನು ಬರುತ್ತವೆ? ಬೇರೆ ಬೇರೆಯವರು ಬೇರೆ ಬೇರೆ ಪಟ್ಟಿ ಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಹೆಸರಿಸಿತು. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಕ್ಯಾಸೆಲ್ ಎಂಬ ಸಂಸ್ಥೆ ಐದು ಗುಂಪು ಮಾಡಿಕೊಂಡಿದೆ. ಈಗ ಬಹಳಷ್ಟು ಶಾಲೆಗಳು ಇದನ್ನು ನೋಡುತ್ತವೆ. ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ತಿಳಿಯುವುದು, ಅದನ್ನು ನಿಭಾಯಿಸುವುದು, ಎದುರಿನವರ ಮನಸ್ಸನ್ನು ಅರಿಯುವುದು, ಅವರ ಜೊತೆ ಹೊಂದಿಕೊಂಡು ನಡೆಯುವುದು, ಪರಿಣಾಮ ಯೋಚಿಸಿ ನಿರ್ಧಾರ ಮಾಡುವುದು. ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೊದಲಿನ ಎರಡು ಮಗುವಿನ ಒಳಗಿನದು, ಮುಂದಿನ ಎರಡು ಇನ್ನೊಬ್ಬರ ಜೊತೆಗಿನದು, ಕೊನೆಯದರಲ್ಲಿ ಎರಡೂ ಸೇರುತ್ತವೆ. ಅಷ್ಟು ನೆನಪಿದ್ದರೆ ಸಾಕು.

ಇಲ್ಲೇ ಒಂದು ಗೊಂದಲ ಬಿಡಿಸಿಕೊಳ್ಳಬೇಕು. "ಇದು ನೀತಿಪಾಠ ತಾನೇ? ನಮ್ಮ ಕಾಲದಲ್ಲೂ ಇತ್ತಲ್ಲ" ಅಂತ ಬಹಳ ಜನ ಕೇಳುತ್ತಾರೆ. ನೀತಿಪಾಠ ಏನು ಮಾಡಬೇಕು ಅಂತ ಹೇಳುತ್ತದೆ. ಸಿಟ್ಟು ಮಾಡಿಕೊಳ್ಳಬಾರದು, ಗೆಳೆಯರ ಜೊತೆ ಹಂಚಿಕೊಳ್ಳಬೇಕು, ಸುಳ್ಳು ಹೇಳಬಾರದು. ತಪ್ಪೇನಿಲ್ಲ. ಆದರೆ ಹೊಡೆಯಲು ಕೈ ಎತ್ತಿದ ಹುಡುಗನಿಗೆ ಹೊಡೆಯಬಾರದು ಅಂತ ಮೊದಲೇ ಗೊತ್ತಿರುತ್ತದೆ. ಅವನಿಗೆ ಗೊತ್ತಿಲ್ಲದ್ದು ಆ ಹತ್ತು ಸೆಕೆಂಡಿನಲ್ಲಿ ಏನು ಮಾಡಬೇಕು ಅನ್ನುವುದು. ಸೈಕಲ್ ಹೇಗೆ ನಡೆಯುತ್ತದೆ ಅಂತ ಹಲಗೆಯ ಮೇಲೆ ಎಷ್ಟು ಚೆನ್ನಾಗಿ ವಿವರಿಸಿದರೂ ಮಗುವಿಗೆ ಸೈಕಲ್ ಬರುವುದಿಲ್ಲ. ಹತ್ತಬೇಕು, ಬೀಳಬೇಕು, ಹಿಂದಿನಿಂದ ಯಾರಾದರೂ ಹಿಡಿದುಕೊಳ್ಳಬೇಕು. ಇದೂ ಹಾಗೇ. ಈ ವಿಷಯದಲ್ಲಿ ಗೆದ್ದ ಕಾರ್ಯಕ್ರಮಗಳಿಗೂ ಸೋತ ಕಾರ್ಯಕ್ರಮಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದೇ ಅಂತ ನನಗೆ ಅನ್ನಿಸುತ್ತದೆ. ಮುಂದೆ ಹೇಳುವ ಎಲ್ಲ ಉದಾಹರಣೆಗಳಲ್ಲೂ ಇದನ್ನು ಗಮನಿಸಿ.

ಎರಡು ಶಾಲೆಗಳಲ್ಲಿ ಶುರುವಾದದ್ದು

ಈ ಕೆಲಸದ ಬೇರು ಹುಡುಕಿದರೆ ಅಮೆರಿಕದ ನ್ಯೂ ಹೇವನ್ ಎಂಬ ಊರಿಗೆ ಹೋಗಬೇಕು. ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯ ಜೇಮ್ಸ್ ಕೋಮರ್ 1968ರಲ್ಲಿ ಅಲ್ಲಿನ ಎರಡು ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಶುರು ಮಾಡಿದರು. ಮಕ್ಕಳಲ್ಲಿ ಹೆಚ್ಚಿನವರು ಬಡ ಕಪ್ಪು ಕುಟುಂಬದವರು. ಅಂಕ ಕಡಿಮೆ, ಹಾಜರಿ ಕಡಿಮೆ, ಜಗಳ ಜಾಸ್ತಿ. ಶಿಕ್ಷಕರು ಬೇಸತ್ತು ಹೋಗಿದ್ದರು. ಪೋಷಕರಿಗೆ ಶಾಲೆಯ ಮೇಲೆ ನಂಬಿಕೆ ಇರಲಿಲ್ಲ.

ಅಲ್ಲಿ ನಡೆದ ಒಂದು ಘಟನೆಯನ್ನು ಕೋಮರ್ ಬರೆದಿದ್ದಾರೆ. ದೂರದ ಹಳ್ಳಿಯಿಂದ ಎಂಟು ವರ್ಷದ ಹುಡುಗನೊಬ್ಬ ಆ ಊರಿನ ಸಂಬಂಧಿಕರ ಮನೆಗೆ ಬಂದ. ಬಂದ ಕೂಡಲೇ ಶಾಲೆಗೆ ಸೇರಿಸಿದರು. ಯಾರ ಪರಿಚಯವೂ ಇಲ್ಲ. ಪಾಠದ ನಡುವೆ ಅವನನ್ನು ತರಗತಿಯೊಳಗೆ ಬಿಟ್ಟರು. ಕೈತುಂಬ ಕೆಲಸ ಇದ್ದ ಶಿಕ್ಷಕಿಯ ಮುಖದಲ್ಲಿ ಬೇಸರ ಕಾಣಿಸಿತು. ಹುಡುಗ ಹೆದರಿದ. ಅವರ ಕಾಲಿಗೆ ಒದ್ದು ಹೊರಗೆ ಓಡಿದ. ಸಾಮಾನ್ಯವಾಗಿ ಇಲ್ಲಿ ಶಿಕ್ಷೆಯ ಮಾತು ಬರುತ್ತದೆ. ಕೋಮರ್ ತಂಡ ಇನ್ನೊಂದು ಪ್ರಶ್ನೆ ಎತ್ತಿತು. ಗುರುತು ಪರಿಚಯ ಇಲ್ಲದ ಕಡೆ ಒಂಟಿಯಾಗಿ ನಿಂತ ಮಗುವಿಗೆ ಏನನ್ನಿಸಿರಬಹುದು? ಅಲ್ಲಿಂದಾಚೆ ಹೊಸದಾಗಿ ಬರುವ ಮಕ್ಕಳನ್ನು ಬರಮಾಡಿಕೊಳ್ಳುವ ಕ್ರಮವೇ ಬದಲಾಯಿತು.

ಶಿಕ್ಷಕರು, ಪೋಷಕರು, ಮನೋವೈದ್ಯರು ಒಟ್ಟಿಗೆ ಕೂತು ಶಾಲೆ ನಡೆಸುವ ಪದ್ಧತಿಯನ್ನು ಕೋಮರ್ ಬೆಳೆಸಿದರು. ಯಾರನ್ನೂ ದೂರಬಾರದು, ಸಮಸ್ಯೆ ಬಗೆಹರಿಸಬೇಕು ಅನ್ನುವುದು ಅವರ ನಿಯಮ. ರಾತ್ರೋರಾತ್ರಿ ಏನೂ ಆಗಲಿಲ್ಲ. ಆದರೆ 1980ರ ದಶಕದ ಹೊತ್ತಿಗೆ ಆ ಶಾಲೆಗಳ ಅಂಕಗಳು ದೇಶದ ಸರಾಸರಿಯನ್ನು ದಾಟಿದ್ದವು. ಗೈರುಹಾಜರಿ, ಜಗಳ ಎರಡೂ ಇಳಿದಿದ್ದವು. ಅದೇ ದಶಕದಲ್ಲಿ ಆ ಊರಿನ ಶಾಲೆಗಳು ಮಕ್ಕಳಿಗೆ ನೇರವಾಗಿ ಈ ಕೌಶಲಗಳನ್ನು ಕಲಿಸುವ ಪ್ರಯೋಗಕ್ಕೂ ಕೈ ಹಾಕಿದವು.

ಹೆಸರು ಹೇಳಿದರೆ ಅರ್ಧ ಇಳಿಯುತ್ತದೆ

ಸಿಟ್ಟು ಅಥವಾ ಭಯ ಬಂದಾಗ ಮಿದುಳಿನಲ್ಲಿ ಏನಾಗುತ್ತದೆ ಅಂತ ತುಸು ತಿಳಿದುಕೊಂಡರೆ ಈ ಪಾಠಗಳು ಯಾಕೆ ಹೀಗಿವೆ ಅಂತ ಅರ್ಥವಾಗುತ್ತದೆ. ಅಮಿಗ್ಡಲಾ ಎಂಬ ಚಿಕ್ಕ ಭಾಗ ಅಪಾಯದ ಸುಳಿವನ್ನು ಬಹಳ ಬೇಗ ಹಿಡಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ಬಿಗಿಯುತ್ತದೆ. ಹಣೆಯ ಹಿಂದಿನ ಭಾಗ ಯೋಚಿಸುತ್ತದೆ, ತಡೆಯುತ್ತದೆ, ಮುಂದಿನದನ್ನು ಲೆಕ್ಕ ಹಾಕುತ್ತದೆ. ಇದು ನಿಧಾನಸ್ಥ. ಅಷ್ಟೇ ಅಲ್ಲ, ಇದು ಪೂರ್ತಿ ಬೆಳೆಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಅಂದರೆ ಶಾಲೆಯ ಅಷ್ಟೂ ವರ್ಷ ಮಕ್ಕಳು ಬೇಗ ಓಡುವ ಭಾವನೆ ಮತ್ತು ಇನ್ನೂ ಬಲಿಯದ ಹಿಡಿತ, ಎರಡನ್ನೂ ಇಟ್ಟುಕೊಂಡು ಓಡಾಡುತ್ತಿರುತ್ತಾರೆ. ಮನಸ್ಸು ಕಳವಳದಲ್ಲಿ ಇದ್ದಾಗ ಪಾಠ ತಲೆಗೆ ಹೋಗದಿರುವುದಕ್ಕೂ ಕಾರಣ ಇದೆ. ಕೂಡುವ ಲೆಕ್ಕ ಮಾಡುವಾಗ ದಶಕವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತೇವಲ್ಲ, ನೆನಪಿನ ಆ ಜಾಗ ಚಿಕ್ಕದು. ಚಿಂತೆಯೂ ಬಂದು ಅಲ್ಲೇ ಕೂರುತ್ತದೆ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡವರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿದರು. ಆ ಮುಖದಲ್ಲಿರುವುದು ಯಾವ ಭಾವನೆ ಅಂತ ಪದ ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿತು. ಬೇರೆ ರೀತಿಯ ಕೆಲಸ ಕೊಟ್ಟಾಗ ಅಷ್ಟು ತಗ್ಗಲಿಲ್ಲ. ಭಾವನೆಗೆ ಒಂದು ಹೆಸರು ಸಿಕ್ಕರೆ ಅದರ ಬಿರುಸು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು.

ಹಾಗಾಗಿ ಚಿಕ್ಕ ಮಕ್ಕಳ ಪಾಠಗಳು ಪದಗಳಿಂದಲೇ ಶುರುವಾಗುತ್ತವೆ. ಪುಟ್ಟ ಮಗುವಿಗೆ ಎಲ್ಲವೂ ಸಿಟ್ಟೇ. ಆದರೆ ಒಳಗೆ ಇರುವುದು ಅವಮಾನ ಇರಬಹುದು, ಹೊಟ್ಟೆಕಿಚ್ಚು ಇರಬಹುದು, ಅಳುಕು ಇರಬಹುದು, ನಿದ್ದೆ ಸಾಲದ ಕಿರಿಕಿರಿಯೂ ಇರಬಹುದು. ಒಂದೊಂದಕ್ಕೂ ಮದ್ದು ಬೇರೆ. ಅಳುಕಿಗೆ ಧೈರ್ಯ ಬೇಕು, ಅವಮಾನಕ್ಕೆ ಮರ್ಯಾದೆ ಬೇಕು, ಕಿರಿಕಿರಿಗೆ ನಿದ್ದೆ ಬೇಕು. ಯಾವುದು ಅಂತಲೇ ಗೊತ್ತಾಗದೆ ಇದ್ದರೆ ಮಗುವಿಗೆ ಕೈ ಎತ್ತುವುದೊಂದೇ ದಾರಿ.

ಪಾಥ್ಸ್ ಎಂಬ ಹೆಸರಾಂತ ಪಠ್ಯಕ್ರಮದ ಕತೆಯೂ ಇದನ್ನೇ ಹೇಳುತ್ತದೆ. ಮಾರ್ಕ್ ಗ್ರೀನ್‌ಬರ್ಗ್ ಮತ್ತು ಕ್ಯಾರಲ್ ಕುಶೆ 1980ರ ದಶಕದಲ್ಲಿ ಇದನ್ನು ಮೊದಲು ರೂಪಿಸಿದ್ದು ಕಿವಿ ಕೇಳಿಸದ ಮಕ್ಕಳಿಗಾಗಿ. ಸುತ್ತಲಿನ ಮಾತು ಕಿವಿಗೆ ಬೀಳದ ಮಕ್ಕಳಿಗೆ ಭಾವನೆಯ ಪದಗಳು ತಾನಾಗಿ ಸಿಗುವುದು ಕಷ್ಟ. ಅವರಿಗೆ ಆ ಪದಗಳನ್ನೂ, ನಿಂತು ಯೋಚಿಸುವ ಹೆಜ್ಜೆಗಳನ್ನೂ ಕಲಿಸಿದಾಗ ಪ್ರಯೋಜನ ಕಂಡಿತು. ಆಮೇಲೆ ಅದು ಎಲ್ಲ ಮಕ್ಕಳ ತರಗತಿಗೂ ಬಂತು. ಅದರಲ್ಲಿ ಟ್ರಾಫಿಕ್ ದೀಪದಂಥ ಒಂದು ಚಿತ್ರ ಇದೆ. ಕೆಂಪು ಅಂದರೆ ನಿಲ್ಲು, ಉಸಿರು ತೆಗೆದುಕೋ, ಏನಾಯಿತು ಅಂತ ಹೇಳು. ಹಳದಿ ಅಂದರೆ ಯಾವ ಯಾವ ದಾರಿ ಇದೆ ಯೋಚಿಸು. ಹಸಿರು ಅಂದರೆ ಒಂದನ್ನು ಮಾಡಿ ನೋಡು. ಇನ್ನೂ ಚಿಕ್ಕವರಿಗೆ ಆಮೆಯ ಆಟ ಇದೆ. ಸಿಟ್ಟು ಬಂದಾಗ ಆಮೆ ಚಿಪ್ಪಿನೊಳಗೆ ಹೋಗುವ ಹಾಗೆ ಕೈ ಕಟ್ಟಿ, ತಲೆ ತಗ್ಗಿಸಿ, ಉಸಿರು ಬಿಟ್ಟು, ಆಮೇಲೆ ಹೊರಗೆ ಬಂದು ಮಾತಾಡುವುದು. ಇವುಗಳನ್ನು ಸಿಟ್ಟು ಬಂದಿರುವಾಗ ಕಲಿಸುವುದಿಲ್ಲ. ಎಲ್ಲರೂ ಸಮಾಧಾನವಾಗಿ ಇರುವಾಗ, ನಗುನಗುತ್ತಾ, ಮತ್ತೆ ಮತ್ತೆ ಆಡಿಸಿ ಅಭ್ಯಾಸ ಮಾಡಿಸುತ್ತಾರೆ. ಬೇಕಾದ ಹೊತ್ತಿಗೆ ದೇಹಕ್ಕೇ ನೆನಪಾಗಬೇಕು, ಅದು ಉದ್ದೇಶ.

ಇನ್ನೊಂದು ಮಾತು. ಭಾವನೆಯನ್ನು ನಿಭಾಯಿಸುವುದು ಬೇರೆ, ಅದುಮಿಡುವುದು ಬೇರೆ. "ಅಳಬೇಡ, ಬಾಯಿ ಮುಚ್ಚು" ಅಂದಾಗ ಮಗು ಕಲಿಯುವುದು ಅದುಮಿಡುವುದನ್ನು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಅವರು ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಭಾವನೆಯನ್ನು ಮುಖದಲ್ಲಿ ತೋರಿಸದೆ ತಡೆದುಕೊಂಡವರಿಗೆ ಆ ಹೊತ್ತಿನಲ್ಲಿ ಕೇಳಿದ ವಿಷಯಗಳು ಕಡಿಮೆ ನೆನಪಿರುತ್ತವೆ ಅಂತ ಅವರ ತಂಡದ ಪ್ರಯೋಗಗಳು ತೋರಿಸಿದವು. ತಡೆಯುವುದಕ್ಕೇ ಶಕ್ತಿಯೆಲ್ಲ ಖರ್ಚಾಗುತ್ತದೆ. ಅದೇ ಸಂಗತಿಯನ್ನು ಬೇರೆ ರೀತಿ ನೋಡಲು ಕಲಿತವರಿಗೆ ಈ ನಷ್ಟ ಆಗಲಿಲ್ಲ. "ಅವನು ಬೇಕು ಅಂತಲೇ ನನ್ನ ಪುಸ್ತಕ ಬೀಳಿಸಿದ" ಅನ್ನುವುದನ್ನು "ಅವನಿಗೆ ಕಾಣಿಸಲಿಲ್ಲವೋ ಏನೋ, ಕೇಳಿ ನೋಡೋಣ" ಅಂತ ಬದಲಾಯಿಸಿಕೊಳ್ಳುವುದು ಇದೇ ಕೌಶಲ. ಸುಮ್ಮನಿರುವ ಮಗುವೆಲ್ಲ ಸಮಾಧಾನದಲ್ಲಿ ಇದೆ ಅಂತ ಅಲ್ಲ. ಶಿಸ್ತಿನ ತರಗತಿಗಳಲ್ಲಿ ಈ ತಪ್ಪು ಬಹಳ ಸಲ ಆಗುತ್ತದೆ.

ಪ್ರತ್ಯೇಕ ಪೀರಿಯಡ್ ಬೇಕೇ?

ಬೇಕು, ಆದರೆ ಅದೊಂದರಿಂದಲೇ ಆಗುವುದಿಲ್ಲ. ವಾರಕ್ಕೊಂದು ಪೀರಿಯಡ್ ಇದ್ದರೆ ಹೊಸ ಪದ, ಹೊಸ ಹೆಜ್ಜೆ ಕಲಿಸಬಹುದು. ಅದು ಅಂಟಿಕೊಳ್ಳುವುದು ಉಳಿದ ಪೀರಿಯಡ್‌ಗಳಲ್ಲಿ, ಆಟದ ಬಯಲಿನಲ್ಲಿ, ಸಾಲಿನಲ್ಲಿ ನಿಂತಾಗ.

ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಮಾಡಿದ ಕೆಲಸ ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ. ಅಮೆರಿಕದ ಆಸ್ಟಿನ್ ನಗರದಲ್ಲಿ ಅಲ್ಲಿಯವರೆಗೆ ಬೇರೆ ಬೇರೆಯಾಗಿ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ತಂದಿದ್ದರು. ತರಗತಿಗಳಲ್ಲಿ ದ್ವೇಷ ಹೊಗೆಯಾಡುತ್ತಿತ್ತು, ಹೊಡೆದಾಟಗಳೂ ಆಗುತ್ತಿದ್ದವು. ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಐಕ್ಯತೆಯ ಭಾಷಣ ಮಾಡಲಿಲ್ಲ. ಪಾಠ ಮಾಡುವ ರೀತಿಯನ್ನೇ ಬದಲಾಯಿಸಿದರು. ಐದಾರು ಮಕ್ಕಳ ಗುಂಪು ಮಾಡಿದರು, ಪ್ರತಿ ಗುಂಪಿನಲ್ಲೂ ಎಲ್ಲ ಕಡೆಯ ಮಕ್ಕಳು ಇರುವ ಹಾಗೆ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ತನ್ನ ಭಾಗವನ್ನು ಚೆನ್ನಾಗಿ ಕಲಿತು ಉಳಿದವರಿಗೆ ಹೇಳಿಕೊಡುವುದು ಪ್ರತಿ ಮಗುವಿನ ಕೆಲಸ. ಪರೀಕ್ಷೆ ಪೂರ್ತಿ ಪಾಠದ ಮೇಲೆ.

ಈಗ ತೊದಲುವ ಹುಡುಗನನ್ನು ಗೇಲಿ ಮಾಡಿದರೆ ನಷ್ಟ ಗೇಲಿ ಮಾಡಿದವನಿಗೇ, ಅಲ್ವಾ? ತೊದಲುವವನಿಗೆ ಗೊತ್ತಿರುವ ಭಾಗ ಬೇರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಮಕ್ಕಳು ಕಾಯಲು ಕಲಿತರು. ನಿಧಾನವಾಗಿ ಪ್ರಶ್ನೆ ಕೇಳಿ ಅವನಿಂದ ಮಾತು ಹೊರಡಿಸಲು ಕಲಿತರು. ಕೆಲವೇ ವಾರಗಳಲ್ಲಿ ಮಕ್ಕಳ ನಡುವಿನ ಅಸಹನೆ ಇಳಿಯಿತು, ಒಬ್ಬರನ್ನೊಬ್ಬರು ಇಷ್ಟಪಡುವುದು ಹೆಚ್ಚಾಯಿತು, ಹಿಂದೆ ಉಳಿದಿದ್ದ ಮಕ್ಕಳ ಅಂಕವೂ ಏರಿತು. ಅದು ಸಮಾಜ ಪಾಠದ್ದೇ ಪೀರಿಯಡ್ ಇರಬಹುದು, ವಿಜ್ಞಾನದ್ದೇ ಇರಬಹುದು. ಸಹಾನುಭೂತಿ ಅನ್ನುವ ಪದವನ್ನು ಯಾರೂ ಹಲಗೆಯ ಮೇಲೆ ಬರೆಯಬೇಕಾಗಲಿಲ್ಲ.

ಇನ್ನೊಂದು ಉದಾಹರಣೆ, ಒಂದನೇ ತರಗತಿಯ ಆಟ. ತರಗತಿಯನ್ನು ತಂಡಗಳಾಗಿ ಮಾಡುತ್ತಾರೆ. ಗಲಾಟೆ ಮಾಡಿದರೆ ತಂಡಕ್ಕೆ ಗುರುತು ಬೀಳುತ್ತದೆ. ಗುರುತು ಕಡಿಮೆ ಇದ್ದ ತಂಡಗಳೆಲ್ಲ ಗೆದ್ದ ಹಾಗೆ. ಒಳ್ಳೆಯ ನಡತೆಯ ಆಟ ಎಂಬ ಇದು 1969ರಲ್ಲಿ ಮೊದಲ ಬಾರಿ ಸಂಶೋಧನಾ ಪತ್ರಿಕೆಯಲ್ಲಿ ಬಂತು. ಬಾಲ್ಟಿಮೋರ್ ನಗರದಲ್ಲಿ 1980ರ ದಶಕದಲ್ಲಿ ಇದನ್ನು ಆಡಿದ ಮಕ್ಕಳನ್ನು 19ರಿಂದ 21ರ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದರು. ಚಿಕ್ಕಂದಿನಲ್ಲಿ ತುಂಬಾ ಜಗಳಗಂಟರಾಗಿದ್ದ ಹುಡುಗರಲ್ಲಿ ಮಾದಕ ವಸ್ತುಗಳ ಚಟ ಗಮನಾರ್ಹವಾಗಿ ಕಡಿಮೆ ಇತ್ತು.

ಕಾಯುವ ಮಗು, ನಂಬುವ ಮಗು

ಮಿಠಾಯಿಯ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೋ ಇಟ್ಟು, ನಾನು ಬರುವವರೆಗೆ ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇನೆ ಅನ್ನುವುದು. 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಶುರು ಮಾಡಿದ ಈ ಪ್ರಯೋಗ ಬಹಳ ಹೆಸರಾಯಿತು. ಕಾದ ಮಕ್ಕಳು ಮುಂದೆ ಹೆಚ್ಚು ಅಂಕ ತೆಗೆದರು ಅಂತ ಎಲ್ಲ ಕಡೆ ಹೇಳುತ್ತಾರೆ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ಪರೀಕ್ಷಿಸಿದಾಗ ಆ ನಂಟು ಮೊದಲು ಹೇಳಿದ್ದರ ಅರ್ಧದಷ್ಟೇ ಇತ್ತು. ಮನೆಯ ಪರಿಸ್ಥಿತಿ, ತಾಯಿಯ ಓದು ಇತ್ಯಾದಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಇನ್ನೂ ಬಹಳಷ್ಟು ಕರಗಿಹೋಯಿತು.

ಇದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು 2013ರ ಒಂದು ಪುಟ್ಟ ಅಧ್ಯಯನ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಇದೇ ಪ್ರಯೋಗವನ್ನು 28 ಮಕ್ಕಳೊಂದಿಗೆ ಮಾಡಿದರು. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಮಾಡಿದರು. ಅರ್ಧ ಮಕ್ಕಳಿಗೆ ಒಳ್ಳೆಯ ಬಣ್ಣದ ಸಾಮಾನು ತಂದುಕೊಡುತ್ತೇನೆ ಅಂತ ಹೇಳಿ ತಂದುಕೊಟ್ಟರು. ಉಳಿದರ್ಧ ಮಕ್ಕಳಿಗೆ ಹಾಗೇ ಹೇಳಿ, ಆಮೇಲೆ "ಇಲ್ಲ, ಖಾಲಿಯಾಗಿದೆ" ಅಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡ ದೊಡ್ಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು 3 ನಿಮಿಷ. ಮಕ್ಕಳ ಸಂಖ್ಯೆ ಚಿಕ್ಕದು, ಅದು ಗಮನದಲ್ಲಿರಲಿ. ಆದರೂ ಅಂತರ ಎಷ್ಟಿದೆ ನೋಡಿ. ಎರಡನೆಯ ಗುಂಪಿನ ಮಕ್ಕಳಿಗೆ ಸಂಯಮ ಇರಲಿಲ್ಲ ಅನ್ನುವುದಕ್ಕಿಂತ, ಅವರು ಬುದ್ಧಿವಂತಿಕೆಯಿಂದಲೇ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರು ಅನ್ನುವುದು ಸರಿ.

ಕೊಟ್ಟ ಮಾತು ಉಳಿಯದ ಶಾಲೆಯಲ್ಲಿ, ದೂರು ಕೇಳದ ಶಾಲೆಯಲ್ಲಿ, ಮಗುವಿಗೆ ತಾಳ್ಮೆ ಕಲಿಸುತ್ತೇವೆ ಅನ್ನುವುದು ನಡೆಯದ ಮಾತು. ಮಗು ಮೊದಲು ಓದುವುದು ದೊಡ್ಡವರನ್ನು.

ಶಿಕ್ಷಕರ ಮನಸ್ಸಿನ ಸ್ಥಿತಿ ಇಲ್ಲಿ ಯಾಕೆ ಅಷ್ಟು ಮುಖ್ಯ ಅನ್ನುವುದೂ ಇದರಿಂದ ಗೊತ್ತಾಗುತ್ತದೆ. ಕೆನಡಾದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, 4ರಿಂದ 7ನೇ ತರಗತಿಯ ಮಕ್ಕಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಎಷ್ಟಿದೆ ಅಂತ ಅಳೆಯಿತು. ಯಾವ ಶಿಕ್ಷಕರು ಹೆಚ್ಚು ಬಳಲಿದ್ದರೋ ಅವರ ಮಕ್ಕಳಲ್ಲಿ ಬೆಳಗಿನ ಕಾರ್ಟಿಸೋಲ್ ಹೆಚ್ಚಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಅಂತ ಇದರಿಂದ ಹೇಳಲು ಆಗುವುದಿಲ್ಲ. ಎರಡೂ ಒಟ್ಟಿಗೆ ಹೋಗುತ್ತವೆ ಅನ್ನುವುದಂತೂ ಕಾಣುತ್ತದೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಐದು ಶಾಲೆಗಳಲ್ಲಿ ಜೇಸನ್ ಒಕೊನೊಫುವಾ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಪ್ರಕಟವಾಯಿತು. 31 ಗಣಿತ ಶಿಕ್ಷಕರಿಗೆ ಚಿಕ್ಕ ಆನ್‌ಲೈನ್ ಪಾಠ ಕೊಟ್ಟರು. ಅರ್ಧದಷ್ಟು ಜನರಿಗೆ ಬೇರೆ ವಿಷಯ. ಉಳಿದವರಿಗೆ, ತಪ್ಪು ಮಾಡಿದ ವಿದ್ಯಾರ್ಥಿಯ ಜಾಗದಲ್ಲಿ ನಿಂತು ನೋಡುವುದು ಹೇಗೆ, ಸಂಬಂಧ ಕೆಡಿಸಿಕೊಳ್ಳದೆ ಶಿಸ್ತು ತರುವುದು ಹೇಗೆ ಅನ್ನುವ ಓದು, ಬರಹ. ಮೊದಲ ಗುಂಪಿನ ಶಿಕ್ಷಕರ ವಿದ್ಯಾರ್ಥಿಗಳಲ್ಲಿ ಆ ವರ್ಷ 9.6 ಶೇಕಡಾ ಮಂದಿ ಅಮಾನತಾಗಿದ್ದರು. ಎರಡನೆಯ ಗುಂಪಿನಲ್ಲಿ 4.8. ಮಕ್ಕಳಿಗೆ ಒಂದು ಪಾಠವನ್ನೂ ಮಾಡಿರಲಿಲ್ಲ.

ಹಾಗಂತ ಎಲ್ಲ ಭಾರವನ್ನೂ ಶಿಕ್ಷಕರ ಹೆಗಲಿಗೆ ಹಾಕುವುದು ಅನ್ಯಾಯ. ಐವತ್ತು ಮಕ್ಕಳ ತರಗತಿ, ಮುಗಿಯದ ದಾಖಲೆ ಕೆಲಸ, ಮೇಲಿನವರ ಗದರಿಕೆ, ಇವುಗಳ ನಡುವೆ ಶಾಂತವಾಗಿರಿ ಅಂತ ತರಬೇತಿ ಕೊಟ್ಟರೆ ಅದು ಉಪದೇಶವೇ ಆಯಿತು. ಶಿಕ್ಷಕರನ್ನು ಶಾಲೆ ಹೇಗೆ ನಡೆಸಿಕೊಳ್ಳುತ್ತದೆಯೋ ಅದು ತರಗತಿಗೆ ಇಳಿಯುತ್ತದೆ.

ಫಲ ಕಂಡಿದೆಯೇ?

ಕಂಡಿದೆ, ಎಲ್ಲ ಕಡೆ ಅಲ್ಲ. ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 2011ರಲ್ಲಿ 213 ಶಾಲಾ ಕಾರ್ಯಕ್ರಮಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. 2 ಲಕ್ಷ 70 ಸಾವಿರ ಮಕ್ಕಳ ಮಾಹಿತಿ. ಕೌಶಲಗಳು ಸುಧಾರಿಸಿದ್ದವು, ದುಂಡಾವರ್ತಿ ಇಳಿದಿತ್ತು, ಬೇಗುದಿ ಕಡಿಮೆಯಾಗಿತ್ತು. ಓದಿನಲ್ಲಿ 11 ಪರ್ಸೆಂಟೈಲ್‌ನಷ್ಟು ಏರಿಕೆ ಕಂಡಿತು. ಅಂದರೆ ನೂರು ಮಕ್ಕಳ ಸಾಲಿನಲ್ಲಿ ಸರಿಯಾಗಿ ನಡುವೆ ನಿಂತ ಮಗು ಹನ್ನೊಂದು ಜನರನ್ನು ದಾಟಿ ಮುಂದೆ ಹೋದ ಹಾಗೆ. ಓದಿನ ಮಾಹಿತಿ ಇದ್ದದ್ದು ಅವುಗಳಲ್ಲಿ ಕೆಲವೇ ಅಧ್ಯಯನಗಳಲ್ಲಿ ಅನ್ನುವುದನ್ನೂ ಹೇಳಬೇಕು. ಪಾಠಗಳು ಒಂದರ ಮೇಲೊಂದು ಕ್ರಮವಾಗಿದ್ದ ಕಡೆ, ಮಕ್ಕಳು ತಾವೇ ಮಾಡಿ ನೋಡಿದ ಕಡೆ, ಅದಕ್ಕೆಂದೇ ಹೊತ್ತು ಮೀಸಲಿಟ್ಟ ಕಡೆ, ಯಾವ ಕೌಶಲ ಅಂತ ಸ್ಪಷ್ಟ ಇದ್ದ ಕಡೆ ಫಲ ಹೆಚ್ಚು. 2017ರ ಇನ್ನೊಂದು ಒಟ್ಟು ವಿಶ್ಲೇಷಣೆ ಕಾರ್ಯಕ್ರಮ ಮುಗಿದು ತಿಂಗಳುಗಳು, ವರ್ಷಗಳು ಆದಮೇಲೂ ಪ್ರಯೋಜನ ಉಳಿದದ್ದನ್ನು ತೋರಿಸಿತು.

ಸೋತದ್ದನ್ನೂ ನೋಡೋಣ. ಇಂಗ್ಲೆಂಡ್ ಸರ್ಕಾರ ಸೀಲ್ ಎಂಬ ಕಾರ್ಯಕ್ರಮವನ್ನು 2007ರಲ್ಲಿ ಪ್ರೌಢಶಾಲೆಗಳಿಗೆ ವಿಸ್ತರಿಸಿತು. 2010ರ ಮೌಲ್ಯಮಾಪನದಲ್ಲಿ ಅದನ್ನು ನಡೆಸಿದ ಶಾಲೆಗಳಿಗೂ ನಡೆಸದ ಶಾಲೆಗಳಿಗೂ ಮಕ್ಕಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಗಳು ತಮಗೆ ತೋಚಿದ್ದನ್ನು ಆರಿಸಿಕೊಳ್ಳುವಷ್ಟು ಅದು ಸಡಿಲವಾಗಿತ್ತು. ಎಷ್ಟೋ ಕಡೆ ಅರೆಬರೆ ನಡೆಯಿತು. 2022ರಲ್ಲಿ ಬ್ರಿಟನ್ನಿನ 85 ಶಾಲೆಗಳ, 11ರಿಂದ 14 ವರ್ಷದ 8,000ಕ್ಕೂ ಹೆಚ್ಚು ಮಕ್ಕಳ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅವರಿಗೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ ಕಲಿಸಿದ್ದರು. ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಆಗಲಿಲ್ಲ. ಮಕ್ಕಳಲ್ಲಿ ಹೆಚ್ಚಿನವರು ತರಗತಿಯ ಹೊರಗೆ ಅದನ್ನು ಮಾಡಲೇ ಇಲ್ಲ.

ಹದಿಹರೆಯದವರ ವಿಷಯದಲ್ಲಿ ಇಂಥ ಸೋಲು ಮತ್ತೆ ಮತ್ತೆ ಕಾಣುತ್ತದೆ. ಏಳು ವರ್ಷದ ಮಗು ಆಮೆಯ ಆಟವನ್ನು ಖುಷಿಯಿಂದ ಆಡುತ್ತದೆ. ಹದಿನಾಲ್ಕರವರಿಗೆ ಅದು ಅವಮಾನ. ಆ ವಯಸ್ಸಿನಲ್ಲಿ ಮರ್ಯಾದೆ ಬಹಳ ದೊಡ್ಡದು. ನೀವು ಹೇಗೆ ಇರಬೇಕು ಗೊತ್ತಾ ಅಂತ ಶುರು ಮಾಡಿದರೆ ಕಿವಿ ಮುಚ್ಚಿತು ಅಂತಲೇ ಲೆಕ್ಕ. ಅವರಿಗೆ ನಿಜವಾದ ಹೊಣೆ ಕೊಡಬೇಕು. ಚಿಕ್ಕವರಿಗೆ ಓದಿಸುವುದು, ಶಾಲೆಯ ನಿಯಮ ರೂಪಿಸುವಾಗ ಮಾತಾಡುವುದು, ಗೆಳೆಯರ ಜಗಳದಲ್ಲಿ ಮಧ್ಯಸ್ಥಿಕೆ ವಹಿಸುವುದು. ಕೌಶಲ ಆ ಕೆಲಸದೊಳಗೇ ಬೆಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ದಿನವೂ ಪೀಡನೆ ಅನುಭವಿಸುವ ಮಗುವಿಗೆ "ಉಸಿರು ತೆಗೆದುಕೋ, ಬೇರೆ ರೀತಿ ಯೋಚಿಸು" ಅಂತ ಹೇಳುವುದು ಕ್ರೌರ್ಯ. ಅಲ್ಲಿ ಬದಲಾಗಬೇಕಾದದ್ದು ಆ ಮಗುವಿನ ಭಾವನೆ ಅಲ್ಲ, ಪೀಡನೆ ನಿಲ್ಲಬೇಕು. ಅನ್ಯಾಯ ಕಂಡಾಗ ಬರುವ ಸಿಟ್ಟು ಸರಿಯಾದ ಸಿಟ್ಟು. ಅದನ್ನು ಯಾರ ಹತ್ತಿರ, ಹೇಗೆ ಹೇಳಬೇಕು ಅಂತ ಕಲಿಸಬೇಕು. ಮಕ್ಕಳನ್ನು ಬಾಯಿಲ್ಲದವರನ್ನಾಗಿ ಮಾಡಲು ಈ ಪಾಠಗಳನ್ನು ಬಳಸಬಾರದು. ಹಾಗೆಯೇ, ವಾರಗಟ್ಟಲೆ ಮಂಕಾಗಿರುವ, ಊಟ ನಿದ್ದೆ ಬಿಟ್ಟ, ತನಗೆ ತಾನೇ ನೋವು ಮಾಡಿಕೊಳ್ಳುವ ಮಗುವಿಗೆ ತರಗತಿಯ ಪಾಠ ಸಾಲದು. ತಡಮಾಡದೆ ಮನೋವೈದ್ಯರ ಬಳಿ ಹೋಗಬೇಕು.

ಅಂಕ ಕೊಡಬೇಕೇ ಅನ್ನುವ ಪ್ರಶ್ನೆಯೂ ಏಳುತ್ತದೆ. ನನ್ನ ಉತ್ತರ ಬೇಡ ಅಂತ. ಸಹಾನುಭೂತಿಗೆ 10ಕ್ಕೆ 7 ಅಂತ ಬರೆದ ದಿನವೇ ಮಕ್ಕಳು ನಟಿಸಲು ಶುರು ಮಾಡುತ್ತಾರೆ. ಅಳತೆಯೂ ಸುಲಭವಲ್ಲ. ನಿನಗೆ ಸಿಟ್ಟು ಹಿಡಿತದಲ್ಲಿ ಇದೆಯೇ ಅಂತ ಕೇಳಿದರೆ, ತನ್ನನ್ನು ಗಮನಿಸಲು ಆಗಷ್ಟೇ ಕಲಿತ ಮಗು "ಇಲ್ಲ" ಅನ್ನಬಹುದು, ಏನೂ ಗಮನಿಸದ ಮಗು "ಹೌದು" ಅನ್ನಬಹುದು. ಶಿಕ್ಷಕರು ಕಂಡದ್ದನ್ನು ಟಿಪ್ಪಣಿ ಮಾಡಿಕೊಂಡು ಮುಂದಿನ ಪಾಠ ಹೇಗಿರಬೇಕು ಅಂತ ನಿರ್ಧರಿಸಲು ಬಳಸಿದರೆ ಅಳತೆಗೆ ಅರ್ಥ ಇದೆ.

ನಿಮ್ಮ ಮಗುವಿನ ಶಾಲೆ ಇದನ್ನು ಕಲಿಸುತ್ತೇವೆ ಅಂತ ಹೇಳಿದರೆ ಗೋಡೆಯ ಮೇಲಿನ ಪೋಸ್ಟರ್ ನೋಡಿ ಬರಬೇಡಿ. ಕಳೆದ ವಾರ ಇಬ್ಬರು ಮಕ್ಕಳು ಹೊಡೆದಾಡಿದಾಗ ಏನು ಮಾಡಿದಿರಿ ಅಂತ ಕೇಳಿ. ಇಬ್ಬರ ಮಾತನ್ನೂ ಯಾರಾದರೂ ಪೂರ್ತಿ ಕೇಳಿದರೇ? ಮುರಿದದ್ದನ್ನು ಸರಿಪಡಿಸಲು ಅವರಿಗೆ ಅವಕಾಶ ಸಿಕ್ಕಿತೇ? ಇದನ್ನು ಕಲಿಸುವ ಶಿಕ್ಷಕರಿಗೆ ತರಬೇತಿ ಎಷ್ಟು, ವಾರದಲ್ಲಿ ಹೊತ್ತು ಎಷ್ಟು, ಮುಂದಿನ ವರ್ಷವೂ ಇದು ಇರುತ್ತದೆಯೇ? ಇಷ್ಟಕ್ಕೆ ನೇರವಾದ ಉತ್ತರ ಸಿಕ್ಕರೆ ಆ ಶಾಲೆಯಲ್ಲಿ ಕೆಲಸ ನಡೆಯುತ್ತಿದೆ. ಸಿಗದಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಇದೇ ಪ್ರಶ್ನೆಗಳನ್ನು ಎಲ್ಲರ ಮುಂದೆ ಮತ್ತೆ ಕೇಳಬಹುದು.